ಅಜ್ಜಮಾಡ ದೇವಯ್ಯನವರ ಪದಕ 23 ವರ್ಷ ತಡವಾದದ್ದು ಯಾಕೆ?



ದ್ವಾರಕಾದ ಮನೆಗಳಲ್ಲಿ ಧ್ವನಿಮುದ್ರಣ ಮಾಡುವುದೆಂದರೆ ಪೇಚಾಟವೇ. ಮಾತು ಚೆನ್ನಾಗಿ ಓಡುತ್ತಿದೆ ಅನ್ನುವಷ್ಟರಲ್ಲಿ ಪಾಲಂ ಕಡೆ ಇಳಿಯುವ ವಿಮಾನವೊಂದು ತಲೆಯ ಮೇಲೇ ಬಂದುಬಿಡುತ್ತದೆ. ರೆಕಾರ್ಡರ್ ನಿಲ್ಲಿಸಿ, ಸದ್ದು ಅಡಗುವವರೆಗೆ ಕಾದು, ಬಿಟ್ಟಲ್ಲಿಂದ ಮತ್ತೆ ಶುರು ಮಾಡಬೇಕು. ಈಚೆಗೆ ಹೀಗೆ ಕಾಯುತ್ತಿದ್ದಾಗ ವಾಯುಪಡೆಯಿಂದ ನಿವೃತ್ತರಾದ ನಮ್ಮ ಹಿರಿಯ ಕೇಳುಗರೊಬ್ಬರು ಕೇಳಿದರು: "ಅಲ್ಲಮ್ಮಾ, ಇಷ್ಟು ವರ್ಷದಲ್ಲಿ ನಿಮ್ಮ ಕಾರ್ಯಕ್ರಮದಲ್ಲಿ ಒಂದು ಸಲವಾದರೂ ದೇವಯ್ಯನವರ ವಿಷಯ ಹೇಳಿದ್ದೀರಾ?"

ಹೇಳಿರಲಿಲ್ಲ. 2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಹಿಂದಿ ಚಿತ್ರ ಬಂದಾಗ ಕೆಲವರು ಫೋನ್ ಮಾಡಿ, "ಅದರಲ್ಲಿ ಬರುವ ಪೈಲಟ್ ನಮ್ಮ ಕೊಡಗಿನವರಂತೆ, ಹೌದೇ?" ಎಂದು ವಿಚಾರಿಸಿದ್ದುಂಟು. ಹೌದು, ಆ ಕಥೆಗೆ ಆಧಾರ ಅವರೇ. ಚಿತ್ರದಲ್ಲಿ ಹೆಸರು ಬದಲಾಗಿತ್ತು, ಅಷ್ಟೆ. ನಮ್ಮ ಕಾರ್ಯಕ್ರಮದ ಕೆಲವೇ ನಿಮಿಷಗಳಲ್ಲಿ ಈ ವಿಷಯ ಹಿಡಿಸುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. 1954ರಲ್ಲಿ ವಾಯುಪಡೆಯ ಪೈಲಟ್ ಆದರು. 1965ರ ಯುದ್ಧ ಶುರುವಾಗುವ ಹೊತ್ತಿಗೆ ಅವರು ಹೊಸಬರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟರು. ಯುದ್ಧದ ಕರೆ ಬಂದಾಗ 'ಟೈಗರ್ಸ್' ಎಂದು ಹೆಸರಾದ 1ನೇ ಸ್ಕ್ವಾಡ್ರನ್‌ಗೆ, ಪಂಜಾಬಿನ ಆದಂಪುರ ನೆಲೆಗೆ ಹೋದರು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೇಲೆ ಎರಗಿ, ನಿಂತಲ್ಲೇ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟುಹಾಕಿದವು. ಮರುದಿನ ಬೆಳಕು ಹರಿಯುವ ಮೊದಲೇ ಉತ್ತರ ಕೊಡಬೇಕೆಂದು ತೀರ್ಮಾನವಾಯಿತು. ಗುರಿ ಸರಗೋಧಾ, ಅಂದರೆ ಪಾಕಿಸ್ತಾನದ ವಾಯುಪಡೆಯ ಅತಿ ಬಲವಾದ ಕೋಟೆ. ಆದಂಪುರದಿಂದ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರ್. ಹೋಗಬೇಕಾದದ್ದು ಫ್ರಾನ್ಸಿನಿಂದ ಕೊಂಡ ಮಿಸ್ಟೇರ್ ವಿಮಾನಗಳಲ್ಲಿ. ಅವು ನೆಲದ ಗುರಿಗಳಿಗೆ ಹೊಡೆಯಲು ಗಟ್ಟಿ, ವೇಗದಲ್ಲಿ ಮಾತ್ರ ಹಿಂದೆ. ಎದುರಾಳಿಯ ಬಳಿ ಅಮೆರಿಕದ ಸ್ಟಾರ್‌ಫೈಟರ್ ಇತ್ತು. ಅದರ ಓಟ ಶಬ್ದದ ವೇಗದ ಎರಡು ಪಟ್ಟು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಸೈಕಲ್ ಸವಾರನನ್ನು ಮೋಟಾರ್ ಬೈಕ್ ಅಟ್ಟಿಸಿಕೊಂಡು ಬಂದ ಹಾಗೆ ಅನ್ನಿ.

ಉಪಗ್ರಹ ನೋಡಿ ದಾರಿ ಹೇಳುವ ಯಂತ್ರ ಆಗ ಇರಲಿಲ್ಲ. ತೊಡೆಯ ಮೇಲೆ ನಕ್ಷೆ, ಎದುರಿಗೆ ದಿಕ್ಸೂಚಿ, ಕೈಯಲ್ಲಿ ಗಡಿಯಾರ. ಇಂತಿಷ್ಟು ವೇಗದಲ್ಲಿ ಇಂತಿಷ್ಟು ನಿಮಿಷ ಹಾರಿದರೆ ಇಂಥ ಜಾಗ ಬರಬೇಕು ಎಂಬ ಲೆಕ್ಕ. ರಾಡಾರ್ ಕಣ್ಣಿಗೆ ಬೀಳದಿರಲು ನೆಲಕ್ಕೆ ಅಂಟಿಕೊಂಡಂತೆ ಹಾರಬೇಕು. ಹಾಗೆ ಹಾರಿದಷ್ಟೂ ಇಂಧನ ಹೆಚ್ಚು ಖರ್ಚು. ಗುರಿಯ ಮೇಲೆ ಸುಳಿದಾಡಲಿಕ್ಕಾಗಲಿ, ಎದುರಾಳಿಯ ಜೊತೆ ಕಾದಾಡಲಿಕ್ಕಾಗಲಿ ಇಂಧನ ಉಳಿಯುತ್ತಿರಲಿಲ್ಲ. ಹೊಡೆದು ತಿರುಗಿ ಬರುವುದಷ್ಟೇ ಕೆಲಸ.

ಸೆಪ್ಟೆಂಬರ್ 7ರ ಬೆಳಗಿನ ಜಾವ 12 ವಿಮಾನಗಳು ಹೋಗಬೇಕೆಂದು ನಿಗದಿಯಾಯಿತು. ಮುಂದಾಳು ಕಮಾಂಡಿಂಗ್ ಆಫೀಸರ್ ವಿಂಗ್ ಕಮಾಂಡರ್ ಓ.ಪಿ. ತನೇಜಾ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಕಾದಿರಿಸಿದ ಪೈಲಟ್‌ಗಳಲ್ಲಿ ದೇವಯ್ಯ ಒಬ್ಬರು. ಅಂದರೆ ಮೂಲ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಒಂದು ವಿಮಾನ ಹಿಂದೆ ಉಳಿಯಿತು, ಇವರು ಹೊರಟರು.

ದಾಳಿ ಮುಗಿಸಿ ಬಂದವರನ್ನು ಎಣಿಸಿದಾಗ ಒಬ್ಬರು ಕಡಿಮೆ. ಆ ದಾಳಿಗಾಗಿ ತನೇಜಾ ಅವರಿಗೆ ವೀರ ಚಕ್ರ ಬಂತು. ದೇವಯ್ಯನವರ ಹೆಸರಿನ ಮುಂದೆ ಮೊದಲು 'ನಾಪತ್ತೆ' ಎಂದೂ ಆಮೇಲೆ 'ಮೃತರಾಗಿರಬೇಕು' ಎಂದೂ ಬರೆದುಕೊಂಡದ್ದಾಯಿತು. ಆಗ ಅವರ ವಯಸ್ಸು 32.

ಇನ್ನು ತಲೆಬರಹದ ಪ್ರಶ್ನೆಗೆ ಬರೋಣ. ಯುದ್ಧಕಾಲದ ಶೌರ್ಯ ಪದಕಗಳಲ್ಲಿ ಪರಮ ವೀರ ಚಕ್ರ ಮೊದಲನೆಯದು, ಮಹಾವೀರ ಚಕ್ರ ಎರಡನೆಯದು, ವೀರ ಚಕ್ರ ಮೂರನೆಯದು. ಇವು ತಾವಾಗಿ ಬರುವುದಿಲ್ಲ. ಏನಾಯಿತು, ಯಾವಾಗ, ಯಾರ ಎದುರಿಗೆ ಎಂಬ ವಿವರದ ಶಿಫಾರಸು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕಾಲಾಳು ಪಡೆಯಲ್ಲಾದರೆ ಪಕ್ಕದಲ್ಲಿ ಜೊತೆಗಾರ ಇರುತ್ತಾನೆ, ಬದುಕಿ ಬಂದವನು ಹೇಳುತ್ತಾನೆ. ಮಿಸ್ಟೇರ್‌ನಲ್ಲಿ ಇದ್ದದ್ದು ಒಂದೇ ಆಸನ. ಜೊತೆಯವರು ಕತ್ತಲೆಯಲ್ಲಿ ತಮ್ಮ ತಮ್ಮ ದಾರಿ ನೋಡಿಕೊಳ್ಳುತ್ತಿದ್ದರು. ದೇವಯ್ಯನವರು ಏನು ಮಾಡಿದರೆಂದು ನಮ್ಮ ಕಡೆ ನೋಡಿದವರು ಒಬ್ಬರೂ ಇರಲಿಲ್ಲ.

ನೋಡಿದವರು ಆಚೆ ಕಡೆ ಇದ್ದರು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ, ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಒಂದು ಪುಸ್ತಕ ಬರೆದರು. ಆ ಬೆಳಿಗ್ಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್‌ನಲ್ಲಿ ಒಂದು ಮಿಸ್ಟೇರ್ ಬೆನ್ನು ಹತ್ತಿ ಗುಂಡು ಹಾರಿಸಿದ್ದು, ಪೆಟ್ಟು ತಿಂದ ಆ ಮಿಸ್ಟೇರ್ ಓಡಿಹೋಗದೆ ತಿರುಗಿ ಬಿದ್ದದ್ದು, ಸ್ಟಾರ್‌ಫೈಟರ್‌ಗೆ ಏಟು ತಗುಲಿ ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದದ್ದು ಅದರಿಂದ ಹೊರಗೆ ಬಂತು. ಪಾಕಿಸ್ತಾನದ ಕಡೆಯಿಂದ ಬೇರೆ ಬಗೆಯ ವಿವರಣೆಗಳೂ ಬಂದಿವೆ. ಆದರೆ ಬೆಳಗಿನ ಆ ಮೊದಲ ದಾಳಿಯಲ್ಲಿ ಮರಳಿ ಬಾರದ ಮಿಸ್ಟೇರ್ ಒಂದೇ, ಅದರಲ್ಲಿದ್ದವರು ದೇವಯ್ಯ.

ಇಲ್ಲಿ ನನ್ನನ್ನು ಬಹಳ ಕಾಡುವ ಸಂಗತಿಯೊಂದಿದೆ. ಇದೇ ಅಮ್ಜದ್ ಹುಸೇನ್ 1971ರ ಡಿಸೆಂಬರ್‌ನಲ್ಲಿ ಅಮೃತಸರದ ಬಳಿ ನಮ್ಮ ವಿಮಾನ ನಿರೋಧಕ ಗುಂಡಿಗೆ ಸಿಕ್ಕಿ, ಯುದ್ಧಕೈದಿಯಾಗಿ ಭಾರತದಲ್ಲೇ ಇದ್ದರು! ಅಂದರೆ ಫ್ರಿಕರ್ ಪುಸ್ತಕಕ್ಕೂ ಎಷ್ಟೋ ವರ್ಷ ಮೊದಲು ಆ ಸಾಕ್ಷಿ ನಮ್ಮ ನೆಲದಲ್ಲೇ ಉಂಡು ಮಲಗಿತ್ತು.

ಪುಸ್ತಕ ಬಂದ ಮೇಲೂ ಕಾಗದ ಓಡಾಡಲು ವರ್ಷಗಳೇ ಹಿಡಿದವು. ತನೇಜಾ ಅವರೂ ತಮ್ಮ ಜೊತೆಗಾರನಿಗಾಗಿ ಮೇಲಕ್ಕೆ ಬರೆದರು. ಕಡೆಗೆ 1988ರಲ್ಲಿ ಮಹಾವೀರ ಚಕ್ರ ಮರಣೋತ್ತರವಾಗಿ ಬಂತು. ಸ್ವೀಕರಿಸಿದವರು ಪತ್ನಿ ಸುಂದರಿ ದೇವಯ್ಯ. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ವೃತ್ತಕ್ಕೆ ಈಗ ಅವರದೇ ಹೆಸರು, 2020ರಿಂದ ಪ್ರತಿಮೆಯೂ ಇದೆ. ಊರಿಗೆ ಹೋದಾಗ ಬಸ್ ಕಾಯುತ್ತಾ ನೀವೂ ನೋಡಿರಬಹುದು.

ಅಮೆರಿಕದವರ ಒಂದು ಪದ್ಧತಿ ಇಲ್ಲಿ ನೆನಪಾಗುತ್ತದೆ. 1942ರ ಏಪ್ರಿಲ್ 18ರಂದು ಕರ್ನಲ್ ಡೂಲಿಟ್ಲ್ ಮುಂದಾಳತ್ವದಲ್ಲಿ 80 ಜನ 16 ವಿಮಾನಗಳಲ್ಲಿ, ಹಡಗಿನ ಮೇಲಿಂದ ಹಾರಿ ಜಪಾನಿನ ಮೇಲೆ ಬಾಂಬ್ ಹಾಕಿ ಬಂದರು. ಯುದ್ಧದ ನಂತರ ಬದುಕಿದ್ದವರು ವರ್ಷಕ್ಕೊಮ್ಮೆ ಸೇರುತ್ತಿದ್ದರು. 1959ರಲ್ಲಿ ಟೂಸಾನ್ ನಗರದವರು ಅವರಿಗೆ 80 ಬೆಳ್ಳಿ ಬಟ್ಟಲು ಕೊಟ್ಟರು. ಪ್ರತಿಯೊಂದರ ಮೇಲೆ ಒಬ್ಬೊಬ್ಬರ ಹೆಸರು, ನೇರವಾಗಿ ಒಮ್ಮೆ, ತಲೆಕೆಳಗಾಗಿ ಒಮ್ಮೆ. ಒಬ್ಬರು ತೀರಿಕೊಂಡರೆ ಅವರ ಬಟ್ಟಲನ್ನು ಮಗುಚಿ ಇಡುತ್ತಾರೆ. ಹೆಸರು ಆಗಲೂ ಓದಲು ಬರುತ್ತದೆ. 2013ರ ನವೆಂಬರ್‌ನಲ್ಲಿ ಉಳಿದಿದ್ದವರು ನಾಲ್ವರು, ಕೊನೆಯ ಕೂಟಕ್ಕೆ ಬರಲು ಆದದ್ದು ಮೂವರಿಗೆ. ಕಡೆಯವರಾದ ರಿಚರ್ಡ್ ಕೋಲ್ 2019ರಲ್ಲಿ 103ನೇ ವಯಸ್ಸಿನಲ್ಲಿ ಹೋದರು. ಆದರೆ ಅಷ್ಟರೊಳಗೆ ಅವರೆಲ್ಲ ತಮ್ಮ ಕಥೆಯನ್ನು ನೂರಾರು ಸಲ ಹೇಳಿಯಾಗಿತ್ತು.

ನಮ್ಮಲ್ಲಿ? 1965ರಲ್ಲಿ 25 ವರ್ಷದವರಾಗಿದ್ದವರು ಈಗ 85 ದಾಟಿದ್ದಾರೆ. 1971ರ ಹುಡುಗರಿಗೂ ಎಪ್ಪತ್ತು ಮೀರಿತು. ದ್ವಾರಕಾದ ಸೊಸೈಟಿಗಳಲ್ಲಿ ಬೆಳಿಗ್ಗೆ ಹಾಲಿನ ಬೂತಿಗೆ ನಿಧಾನವಾಗಿ ನಡೆದು ಬರುವ ತಾತಂದಿರಲ್ಲಿ ಇಂಥವರು ಎಷ್ಟು ಮಂದಿ ಇದ್ದಾರೋ. ಇವರಿಗೆ ನಾವು ಕೊಡುವ ಶಾಲು, ಹಾರ, ಸ್ಮರಣಿಕೆ ಎಲ್ಲ ಸರಿಯೇ. ಸಭೆಯಲ್ಲಿ ಅತಿಥಿಗಳ ಭಾಷಣ ಮುಗಿದ ಮೇಲೆ ಅವರಿಗೆ ಮಾತನಾಡಲು ಉಳಿಯುವುದು ಎರಡು ನಿಮಿಷ. ನಿರೂಪಣೆಗೆ ಹೋದ ನಾನೂ ಚೀಟಿ ಕಳಿಸಿ ಮಾತು ನಿಲ್ಲಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮಕ್ಕಳನ್ನು ಕರೆದುಕೊಂಡು ನೋಡಿ ಬರಬೇಕೆಂದರೆ, ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಒಂದು ಮಿಸ್ಟೇರ್ ವಿಮಾನವಿದೆ. ಅದರ ಆಸನದ ಇಕ್ಕಟ್ಟು ಕಣ್ಣಾರೆ ಕಂಡರೆ ಮೇಲೆ ಹೇಳಿದ ಲೆಕ್ಕವೆಲ್ಲ ತಾನೇ ಅರ್ಥವಾಗುತ್ತದೆ. ಬ್ಲೂ ಲೈನ್‌ನಲ್ಲಿ ಮಂಡಿ ಹೌಸ್‌ವರೆಗೆ ಹೋದರೆ ಅಲ್ಲಿಂದ ಇಂಡಿಯಾ ಗೇಟ್ ದೂರವಿಲ್ಲ. ಅಲ್ಲಿ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದ ಗ್ರಾನೈಟ್ ಗೋಡೆಗಳ ಮೇಲೆ ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ 1965, 1971 ಕಂಡ ಕನ್ನಡದ ಹಿರಿಯರಿದ್ದರೆ ನಮಗೆ ತಿಳಿಸಿ. ಪೈಲಟ್ಟೇ ಆಗಿರಬೇಕೆಂದಿಲ್ಲ. ಅಂದು ಪ್ರಶ್ನೆ ಕೇಳಿದ ಆ ಹಿರಿಯರನ್ನೇ, "ಸರ್, ನಿಮ್ಮದೂ ಸ್ವಲ್ಪ ಹೇಳಿ" ಎಂದೆ. "ನನ್ನದೇನಿದೆಯಮ್ಮಾ, ನಾನು ವಿಮಾನದ ರೇಡಿಯೋ ರಿಪೇರಿ ಮಾಡುತ್ತಿದ್ದವನು" ಅಂದರು. ಆಮೇಲೆ 1971ರ ಡಿಸೆಂಬರ್‌ನ ಒಂದು ರಾತ್ರಿಯ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದರು. ನಡುವೆ ನಾಲ್ಕು ಸಲ ವಿಮಾನ ಬಂತು. ರೆಕಾರ್ಡರ್ ನಿಲ್ಲಿಸಲಿಲ್ಲ.