ಸಂಘದ ಕಂಪ್ಯೂಟರ್ ಚಾಲೂ ಆಗದಿದ್ದರೆ ಏನು ಮಾಡಬೇಕು?



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಮುಂತಾದವುಗಳ ಬಗ್ಗೆ ಬರೆಯುವವನು. ಈ ಸಲ ಕಂಪ್ಯೂಟರಿನ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಭಾಗದ ಒಂದು ಸಂಘಕ್ಕೆ ಬರಡು ರಾಸುಗಳ ಚಿಕಿತ್ಸಾ ಶಿಬಿರಕ್ಕೆಂದು ಬೆಳಿಗ್ಗೆ ಆರೂವರೆಗೇ ಹೋಗಿದ್ದೆ. ಸಂಘದ ಮುಂದೆ ಸುಮಾರು ನಲವತ್ತು ಜನ ಕ್ಯಾನು, ತಂಬಿಗೆ ಹಿಡಿದು ನಿಂತಿದ್ದರು. ಸರದಿ ಮುಂದೆ ಸರಿಯುತ್ತಿರಲಿಲ್ಲ. "ಕಂಪ್ಯೂಟರ್ ಚಾಲೂ ಆಗವಲ್ದು ಸಾರ್, ಹರಪನಹಳ್ಳಿಗೆ ಫೋನ್ ಮಾಡೀವಿ, ರಿಪೇರಿ ಹುಡುಗ ಬರತಾನ" ಎಂದರು ಕಾರ್ಯದರ್ಶಿ. ಹುಡುಗ ಬರುವುದು ಹತ್ತು ಗಂಟೆಗೆ, ಹಾಲಿನ ಗಾಡಿ ಬರುವುದು ಏಳೂವರೆಗೆ. "ಹಂಗಾದ್ರ ಹಾಲು ಮನಿಗೆ ವಾಪಸ್ ಒಯ್ಯಬೇಕೇನ್ರಿ?" ಎಂದು ಒಬ್ಬ ತಾಯಿ ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ.

ಕೊನೆಗೆ ಕಂಡುಬಂದ ಕಾರಣ ಇಷ್ಟೇ. ಮೇಜಿನ ಹಿಂದೆ ಪಶು ಆಹಾರದ ಚೀಲಗಳನ್ನು ಒಟ್ಟಿದ್ದರು. ಅದರಲ್ಲೊಂದು ಜಾರಿ ಯುಪಿಎಸ್‌ನ ಪ್ಲಗ್ಗಿಗೆ ಒತ್ತಿಕೊಂಡು, ಪ್ಲಗ್ಗು ಅರ್ಧ ಹೊರಗೆ ಬಂದಿತ್ತು. ರಾತ್ರಿಯೆಲ್ಲ ಯುಪಿಎಸ್ ಬ್ಯಾಟರಿಯ ಮೇಲೆ ನಡೆದು ಬರಿದಾಗಿತ್ತು. ಚೀಲ ಸರಿಸಿ ಪ್ಲಗ್ಗು ಒತ್ತಿದೆವು, ಕಂಪ್ಯೂಟರ್ ಚಾಲೂ ಆಯಿತು. ಆದರೆ ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಬೇಸಿಗೆಯ ದಿನಗಳಲ್ಲಿ ಕರೆದ ಹಾಲನ್ನು ಎರಡು-ಮೂರು ಗಂಟೆಯೊಳಗೆ ತಂಪು ಮಾಡದಿದ್ದರೆ ಏನಾಗುತ್ತದೆಂಬುದು ತಮಗೆ ಗೊತ್ತೇ ಇದೆ.

ಮೊದಲು ಹಾಲು, ಆಮೇಲೆ ಯಂತ್ರ

ಸದಸ್ಯರೆಲ್ಲರೂ ತಿಳಿದಿರಬೇಕಾದ ಮಾತೊಂದಿದೆ. ಸಂಘದ ಮೇಜಿನ ಮೇಲಿರುವುದು ಒಂದೇ ಯಂತ್ರವಲ್ಲ. ತೂಕದ ಯಂತ್ರ ಬೇರೆ, ಫ್ಯಾಟ್ ಮತ್ತು ಎಸ್ಎನ್ಎಫ್ ನೋಡುವ ಹಾಲು ಪರೀಕ್ಷಾ ಯಂತ್ರ ಬೇರೆ, ಕಂಪ್ಯೂಟರ್ ಬೇರೆ. ಮೊದಲಿನ ಎರಡು ಅಳೆಯುತ್ತವೆ. ಕಂಪ್ಯೂಟರ್ ಆ ಅಂಕಿಗಳನ್ನು ತೆಗೆದುಕೊಂಡು ದರ ಕಟ್ಟಿ, ಚೀಟಿ ಮುದ್ರಿಸಿ, ಲೆಕ್ಕ ಇಟ್ಟುಕೊಳ್ಳುತ್ತದೆ. ಆದ್ದರಿಂದ ಕಂಪ್ಯೂಟರ್ ಮಲಗಿದರೂ ಸಾಮಾನ್ಯವಾಗಿ ಉಳಿದೆರಡು ಯಂತ್ರಗಳ ಪರದೆಯಲ್ಲಿ ಅಂಕಿ ಬರುತ್ತಲೇ ಇರುತ್ತದೆ. ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾದ ಕಾರಣವೇ ಇಲ್ಲ.

ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್ಎನ್ಎಫ್ ಇಷ್ಟನ್ನು ಪುಸ್ತಕದಲ್ಲಿ ಕೈಯಿಂದ ಬರೆದು, ಹಾಲು ಹಾಕಿದವರ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಂಡರಾಯಿತು. ಅದೇ ಅಂಕಿಗಳನ್ನು ತಮ್ಮ ಪಾಸ್‌ಬುಕ್ಕಿನಲ್ಲಿ ಅಥವಾ ಒಂದು ಕೈಚೀಟಿಯಲ್ಲಿ ಬರೆಸಿಕೊಳ್ಳಿರಿ. ಕೇಳಲು ಸಂಕೋಚ ಬೇಡ. ಕಂಪ್ಯೂಟರ್ ಸರಿಯಾದ ನಂತರ ಕಾರ್ಯದರ್ಶಿಯವರು ಅವನ್ನು ಅದೇ ದಿನಾಂಕ, ಅದೇ ಹೊತ್ತಿಗೆ ಸೇರಿಸಬೇಕು.

ಪರೀಕ್ಷಾ ಯಂತ್ರವೂ ಕೈಕೊಟ್ಟಿದ್ದರೆ ಪ್ರತಿಯೊಬ್ಬರ ಹಾಲಿನ ಮಾದರಿಯನ್ನು ಸಂಖ್ಯೆ ಬರೆದ ಬಾಟಲಿಯಲ್ಲಿ ತೆಗೆದು ತಂಪಾದ ಜಾಗದಲ್ಲಿಟ್ಟು, ಅದೇ ದಿನ ಗರ್ಬರ್ ವಿಧಾನದಿಂದ ಫ್ಯಾಟ್ ನೋಡಬಹುದು. ಬ್ಯುಟಿರೋಮೀಟರಿಗೆ ಮೊದಲು 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ ನಿಧಾನವಾಗಿ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಎಂಬ ಹಳೆಯ ಪಾಠವನ್ನು ನಮ್ಮ ಹಿರಿಯ ಹಾಲು ಪರೀಕ್ಷಕರು ಇನ್ನೂ ಮರೆತಿಲ್ಲ. ಹೊಸಬರು ಅವರಿಂದ ಕಲಿತಿಟ್ಟುಕೊಂಡರೆ ಒಳ್ಳೆಯದು.

ಯಂತ್ರ ಏಕೆ ಏಳುತ್ತಿಲ್ಲ?

ಕರು ಹಾಕಿದ ಆಕಳು ಏಳದೆ ಮಲಗಿದ್ದರೆ ನಾನು ಹೋದ ಕೂಡಲೇ ಸೂಜಿ ಚುಚ್ಚುವುದಿಲ್ಲ. ಮೇವು ತಿಂದಿತ್ತೇ, ಕಿವಿ ತಣ್ಣಗಿದೆಯೇ, ಕಾಲು ಜಾರಿ ಬಿದ್ದಿತ್ತೇ ಎಂದು ಮೊದಲು ನೋಡುತ್ತೇನೆ. ಇಲ್ಲಿಯೂ ಹಾಗೆಯೇ. ಗುಂಡಿ ಒತ್ತಿದಾಗ ಕಂಪ್ಯೂಟರ್ ಏನು ಮಾಡುತ್ತದೆಂಬುದನ್ನು ಗಮನಿಸಿದರೆ ಅರ್ಧ ರೋಗ ತಿಳಿಯುತ್ತದೆ.

ದೀಪ ಹತ್ತದು, ಒಳಗಿನ ಫ್ಯಾನೂ ತಿರುಗದು ಎಂದಾದರೆ ಕರೆಂಟು ಅಲ್ಲಿಯವರೆಗೆ ಬರುತ್ತಿಲ್ಲ ಎಂದರ್ಥ. ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅಲ್ಲಿ ಕರೆಂಟಿದ್ದರೆ ಯುಪಿಎಸ್ ಬಿಟ್ಟು ಕಂಪ್ಯೂಟರನ್ನು ನೇರವಾಗಿ ಅದೇ ಸಾಕೆಟ್ಟಿಗೆ ಕೊಟ್ಟು ನೋಡಿ. ಈಗ ಚಾಲೂ ಆದರೆ ದೋಷ ಯುಪಿಎಸ್‌ನದು, ಹೆಚ್ಚಾಗಿ ಅದರ ಬ್ಯಾಟರಿಯದು. ಯುಪಿಎಸ್ ಬ್ಯಾಟರಿ ಸಾಮಾನ್ಯವಾಗಿ ಎರಡು-ಮೂರು ವರ್ಷ ಬಾಳುತ್ತದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಲ್ಲಿ ವಿಜಯನಗರ ಎಂದು ಮೂರು ಸಲ ಜಿಲ್ಲೆ ಬದಲಿಸಿದೆ. ನಮ್ಮ ಕೆಲವು ಸಂಘಗಳು ಬ್ಯಾಟರಿಯನ್ನು ಒಂದು ಸಲವೂ ಬದಲಿಸಿಲ್ಲ!

ಕಂಪ್ಯೂಟರಿನ ಬೆನ್ನಿಗೆ ಕರೆಂಟಿನ ವೈರು ಸೇರುವ ಜಾಗದಲ್ಲೊಂದು ಸಣ್ಣ ಸ್ವಿಚ್ ಇರುತ್ತದೆ. ನೆಲ ಗುಡಿಸುವಾಗ ಕೈ ತಗುಲಿ ಅದು ಆಫ್ ಆಗಿರಬಹುದು. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ಅದರ ಪಕ್ಕ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ಅದನ್ನು ಯಾವ ಕಾರಣಕ್ಕೂ ಸರಿಸಬಾರದು. ನಮ್ಮಲ್ಲಿ ಬರುವುದು 230 ವೋಲ್ಟ್; 115ಕ್ಕೆ ಸರಿಸಿ ಕರೆಂಟು ಕೊಟ್ಟರೆ ಒಳಗೆ ಸುಡುತ್ತದೆ. ಇದೆಲ್ಲ ಸರಿಯಿದ್ದೂ ಜೀವ ಬರದಿದ್ದರೆ ಪ್ಲಗ್ಗು ತೆಗೆದು, ಚಾಲೂ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟು, ಮತ್ತೆ ಪ್ಲಗ್ಗು ಹಾಕಿ ನೋಡಬಹುದು. ಒಳಗೆ ಉಳಿದ ವಿದ್ಯುತ್ ಇಳಿದುಹೋಗಿ ಕೆಲವೊಮ್ಮೆ ಚಾಲೂ ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ ಒಳಗಿನ ವಿದ್ಯುತ್ ಪೆಟ್ಟಿಗೆ, ಅಂದರೆ ಎಸ್ಎಂಪಿಎಸ್, ಹೋಗಿರಬಹುದು. ಅದು ರಿಪೇರಿಯವರ ಕೆಲಸ.

ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪಗಿದೆ ಎಂದಾದರೆ ಮೊದಲು ಪರದೆಯ ದೀಪ ನೋಡಿ. ಅದಕ್ಕೆ ಕರೆಂಟು ಬೇರೆಯಾಗಿ ಹೋಗುತ್ತದೆ. ಹಿಂದಿನ ಕೇಬಲ್ಲನ್ನು ಎರಡೂ ಕಡೆ ಒತ್ತಿ, ಸ್ಕ್ರೂ ಇದ್ದರೆ ಬಿಗಿ ಮಾಡಿ. ಒಳಗಿನಿಂದ "ಪೀಂ ಪೀಂ" ಎಂದು ಶಬ್ದ ಬರುತ್ತಿದ್ದರೆ ಅನೇಕ ಸಲ ರ‍್ಯಾಮ್ ಎಂಬ ಪಟ್ಟಿ ಧೂಳು ಹಿಡಿದು ಸಡಿಲವಾಗಿರುತ್ತದೆ. ಪ್ಲಗ್ಗು ತೆಗೆದು, ತಿಳಿದವರು ಆ ಪಟ್ಟಿಯನ್ನು ಹೊರತೆಗೆದು, ಹೊಳೆಯುವ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಸಾಕಾಗುತ್ತದೆ. ಹಾಲಿನ ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪೆಟ್ಟಿಗೆ ಬಿಚ್ಚಬೇಡಿ. ಕರೆಂಟಿಗೆ ಕಾರ್ಯದರ್ಶಿ, ಅಧ್ಯಕ್ಷರೆಂಬ ಭೇದವಿಲ್ಲ.

ಪರದೆಯಲ್ಲಿ ಇಂಗ್ಲಿಷಿನ ಬರಹ ಬಂದು ಅಲ್ಲೇ ನಿಂತರೆ ಗಾಬರಿ ಬೇಡ. ಪೆನ್‌ಡ್ರೈವ್ ಚುಚ್ಚಿದ್ದರೆ ತೆಗೆದು ಮತ್ತೆ ಚಾಲೂ ಮಾಡಿ. ಯಂತ್ರ ಕೆಲವೊಮ್ಮೆ ಅದರಿಂದಲೇ ಏಳಲು ಹೋಗಿ ನಿಂತಿರುತ್ತದೆ. ಹೋಗದಿದ್ದರೆ ಆ ಬರಹದ ಫೋಟೋ ತೆಗೆದು ರಿಪೇರಿಯವರಿಗೆ ಕಳುಹಿಸಿ. "ಏನೋ ಇಂಗ್ಲಿಷಿನಾಗ ಬರಾಕತ್ತೈತಿ" ಎಂದು ಫೋನಿನಲ್ಲಿ ಹೇಳಿದರೆ, "ಆಕಳಿಗೆ ಏನೋ ಆಗೈತಿ" ಎಂದು ನನಗೆ ಹೇಳಿದಂತೆಯೇ ಸರಿ. ಕರೆಂಟು ಹೋಗಿ ಬಂದ ಮೇಲೆ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದರೆ ಅವಸರದಿಂದ ಆರಿಸದೆ, ಅದು ಮುಗಿಯುವವರೆಗೆ ಕಾಯಬೇಕು.

ಚಾಲೂ ಆದರೂ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಒಳಗಿರುವ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿದೆ ಎಂದು ತಿಳಿಯಿರಿ. ಹೆಚ್ಚಿನವುಗಳಲ್ಲಿ ಸಿಆರ್ 2032 ಎಂಬ ಬ್ಯಾಟರಿ ಇರುತ್ತದೆ, ಬೆಲೆ ಅತಿ ಕಡಿಮೆ. ಆದರೆ ಗಮನಿಸದೆ ಹಾಲು ತೆಗೆದುಕೊಂಡರೆ ಆ ಹೊತ್ತಿನ ಹಾಲೆಲ್ಲ ಹಳೆಯ ವರ್ಷದ ಲೆಕ್ಕಕ್ಕೆ ಸೇರಿ, ಬಟವಾಡೆಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಚೀಟಿ ಕೈಗೆ ಬಂದಾಗ ಫ್ಯಾಟ್ ಒಂದನ್ನೇ ಅಲ್ಲ, ದಿನಾಂಕವನ್ನೂ ಓದಿರಿ. ಓದು ಬಾರದವರು ಮಕ್ಕಳಿಂದ ಓದಿಸಿರಿ.

"ಫಾರ್ಮ್ಯಾಟ್" ಎಂಬ ಮಾತು ಬಂದಾಗ

ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ. ಬಂದ ಹುಡುಗ "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು" ಎನ್ನುತ್ತಾನೆ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ ಹೊಸದಾಗಿ ಶುರು ಮಾಡುವುದು. ಯಂತ್ರ ಏಳುತ್ತದೆ, ನಿಜ. ಆದರೆ ತಮ್ಮ ಲೆಕ್ಕ ಎಲ್ಲಿ? ಒಂದು ಸಂಘದಲ್ಲಿ ಹೀಗೆ ಹತ್ತು ದಿನದ ಲೆಕ್ಕ ಹೋಯಿತು. ಪುಸ್ತಕದಲ್ಲಿ ಬರೆದಿರಲಿಲ್ಲ, ಪ್ರತಿಯೂ ಇರಲಿಲ್ಲ. ಹಿಂದಿನ ಬಟವಾಡೆಯ ಸರಾಸರಿಯಂತೆ ಹಣ ಕೊಟ್ಟರು. ಅದೇ ಹತ್ತು ದಿನಗಳಲ್ಲಿ ಒಬ್ಬ ಸದಸ್ಯರ ಎರಡನೆಯ ಆಕಳು ಕರು ಹಾಕಿ, ದಿನಕ್ಕೆ 4 ಲೀಟರ್ ಹಾಕುತ್ತಿದ್ದವರು 11 ಲೀಟರ್ ಹಾಕಿದ್ದರು. ದಿನಕ್ಕೆ 7ರಂತೆ ಒಟ್ಟು 70 ಲೀಟರಿನ ಹಣ ಹೋಯಿತು. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಸರ್ಕಾರದ ಪ್ರೋತ್ಸಾಹಧನ ಮುಂದೆ 5 ರೂಪಾಯಿಗೆ ಏರಿತ್ತು. ಅದೂ ಸಂಘದ ಇದೇ ಲೆಕ್ಕದ ಮೇಲೆಯೇ ಬರುವುದು. ಆ ಲೆಕ್ಕದಲ್ಲಿಯೇ 350 ರೂಪಾಯಿ. ಅವರ ಬಳಿ ಒಂದು ಚೀಟಿಯೂ ಉಳಿದಿರಲಿಲ್ಲ.

ಯಂತ್ರ ಏಳದಿದ್ದರೂ ಅದರೊಳಗಿನ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಲೆಕ್ಕವನ್ನು ಹೊರತೆಗೆಯಬಹುದು. ಆದ್ದರಿಂದ ಲೆಕ್ಕದ ಪ್ರತಿ ಪೆನ್‌ಡ್ರೈವಿಗೆ ಬಂದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುವವರೆಗೆ ಫಾರ್ಮ್ಯಾಟ್ ಮಾಡಲು ಆಡಳಿತ ಮಂಡಳಿ ಒಪ್ಪಬಾರದು. ಎರಡು ಪೆನ್‌ಡ್ರೈವ್ ಇಟ್ಟುಕೊಂಡು ದಿನ ಬಿಟ್ಟು ದಿನ ಒಂದೊಂದಕ್ಕೆ ಪ್ರತಿ ತೆಗೆದರೆ, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಅವು ಕಂಪ್ಯೂಟರಿನ ಪಕ್ಕದಲ್ಲೇ ಬಿದ್ದಿರಬಾರದು.

ಉಳಿದದ್ದು ಜಾಗದ ಮಾತು. ನಮ್ಮ ಕಡೆ ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ರವದಿಯ ಧೂಳು ಎಲ್ಲೆಲ್ಲೂ ಹೋಗುತ್ತದೆ, ಕಂಪ್ಯೂಟರಿನ ಒಳಗೂ. ಪಶು ಆಹಾರದ ಚೀಲ ಅದೇ ಕೋಣೆಯಲ್ಲಿದ್ದರೆ ಇಲಿ ಬರುತ್ತದೆ. ಇಲಿ ಹಿಂಡಿ ತಿಂದು ಸುಮ್ಮನಿರದೆ ವೈರನ್ನೂ ಕಡಿಯುತ್ತದೆ. ಚೀಲಗಳನ್ನು ಬೇರೆ ಕೋಣೆಗೆ ಸಾಗಿಸಿರಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಮಣ್ಣು ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ 3 ವೋಲ್ಟಿಗಿಂತ ಹೆಚ್ಚು ಇರಬಾರದೆಂದು ತಂತ್ರಜ್ಞರು ಹೇಳುತ್ತಾರೆ. ಊರಿನ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಐದು ನಿಮಿಷದಲ್ಲಿ ನೋಡಿ ಹೇಳಬಲ್ಲರು. ಹಾಲು ಪರೀಕ್ಷಾ ಯಂತ್ರದ ಹಿತಕ್ಕೂ ಇದು ಬೇಕು.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ತಮ್ಮ ನಿರ್ದೇಶಕರನ್ನು ಮೂರು ಪ್ರಶ್ನೆ ಕೇಳಿರಿ: ಯುಪಿಎಸ್ ಬ್ಯಾಟರಿ ಯಾವ ವರ್ಷದ್ದು? ಲೆಕ್ಕದ ಕೊನೆಯ ಪ್ರತಿ ಯಾವ ದಿನಾಂಕದ್ದು, ಎಲ್ಲಿದೆ? ಯಂತ್ರ ನಿಂತ ದಿನ ಬರೆಯುವ ಪುಸ್ತಕ ಯಾವುದು? ತೆಲಿಗಿ ಭಾಗದ ಆ ಸಂಘದಲ್ಲಿ ಈಗ ಆ ಪುಸ್ತಕವನ್ನು ತೂಕದ ಯಂತ್ರದ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಿದ್ದಾರೆ, ಪೆನ್ನೂ ಅದಕ್ಕೇ ಕಟ್ಟಿದೆ.