ಅಳತೆ ಪುಸ್ತಕದಿಂದ ಹುಟ್ಟಬೇಕಾದ ಬ್ರ್ಯಾಂಡ್

ಹೊಸದಾಗಿ ಉಡುಪಿನ ಉದ್ಯಮಕ್ಕೆ ಇಳಿಯುವವರು ಮೊದಲು ಹುಡುಕುವುದು ಹೆಸರನ್ನು. ಆಮೇಲೆ ಲೋಗೋ, ಇನ್‌ಸ್ಟಾಗ್ರಾಂ ಪುಟ, ಹೆಸರು ಅಚ್ಚಾದ ಚೀಲ. ಬಟ್ಟೆಯ ಸರದಿ ಬರುವಾಗ ಕೈಯಲ್ಲಿದ್ದ ದುಡ್ಡಿನ ಒಂದು ಪಾಲು ಕರಗಿರುತ್ತದೆ. ಅತ್ತ ಬಂಟ್ವಾಳ, ಇತ್ತ ಬೆಳ್ತಂಗಡಿ, ಇನ್ನೊಂದು ಮಗ್ಗುಲಿಗೆ ಮೂಡುಬಿದಿರೆ ಇರುವ ಮಡಂತ್ಯಾರಿನಂಥ ಪೇಟೆಯಲ್ಲಿ ಈ ಕ್ರಮ ತಲೆಕೆಳಗಾಗಬೇಕು. ಏನೂ ಗೊತ್ತಿಲ್ಲದೆ ಶುರುಮಾಡುವವರಿಗೆ ಇಲ್ಲಿ ಸಿಗುವ ದೊಡ್ಡ ಬಂಡವಾಳ ಬ್ಯಾಂಕಿನಲ್ಲಿಲ್ಲ, ಟೈಲರ್ ಅಂಗಡಿಯ ಮೇಜಿನ ಮೇಲಿನ ಅಳತೆ ಪುಸ್ತಕದಲ್ಲಿದೆ. ಬ್ರ್ಯಾಂಡ್ ಅಲ್ಲಿಂದ ಹುಟ್ಟಿದರೆ ಮಾತ್ರ ಎರಡನೇ ವರ್ಷವನ್ನು ಕಾಣುತ್ತದೆ.

ಈ ವ್ಯಾಪಾರದಲ್ಲಿ ಹೊಸಬರನ್ನು ಮುಳುಗಿಸುವುದು ಮಾರಾಟವಾಗದೆ ಉಳಿದ ಮಾಲು. ಲೆಕ್ಕ ಸರಳ. ಮೂರು ವಿನ್ಯಾಸದ ಕುರ್ತಿಗಳನ್ನು ನಾಲ್ಕು ಬಣ್ಣದಲ್ಲಿ, ಐದು ಸೈಜಿನಲ್ಲಿ ಮಾಡಿದರೆ 60 ಬಗೆಯಾಯಿತು. ಬಗೆಗೆ ಬರೀ ಐದರಂತೆ ಹೊಲಿಸಿದರೂ 300 ಕುರ್ತಿ. ಒಂದಕ್ಕೆ 300 ರೂಪಾಯಿ ಬಿದ್ದರೆ 90,000 ರೂಪಾಯಿ ಕಪಾಟಿನಲ್ಲಿ ಮಡಚಿ ಕೂತಿರುತ್ತದೆ. ಗಿರಾಕಿ ಕೇಳುವ ಬಣ್ಣದಲ್ಲಿ ಅವಳ ಸೈಜಿರುವುದಿಲ್ಲ, ಅವಳ ಸೈಜಿರುವ ಬಣ್ಣ ಅವಳಿಗೆ ಬೇಡ. ಇಲ್ಲಿಂದ ಬಹಳ ದೂರವಿಲ್ಲದ ಕಿನ್ನಿಗೋಳಿಯ ಉದಾಹರಣೆಯನ್ನು ಈ ಕಣ್ಣಿನಿಂದ ನೋಡಬೇಕು. ಬೆರಳೆಣಿಕೆಯ ಹಿರಿಯ ನೇಕಾರರಷ್ಟೇ ಉಳಿದಿದ್ದ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ ಕದಿಕೆ ಟ್ರಸ್ಟ್ 2018ರ ಹೊತ್ತಿಗೆ ಉಡುಪಿ ಸೀರೆಯ ಪುನರುಜ್ಜೀವನಕ್ಕೆ ಕೈಹಾಕಿತು. ಅದು ಚೇತರಿಸಿಕೊಂಡದ್ದಕ್ಕೆ ದುಡಿದವರ ನಿಷ್ಠೆ ಕಾರಣ, ನಿಜ. ಜೊತೆಗೆ ಇನ್ನೊಂದು ಅನುಕೂಲವೂ ಇತ್ತು: ಸೀರೆಗೆ ಸೈಜಿಲ್ಲ. ಒಂದೇ ಬಗೆಯ ವಸ್ತು ಯಾರ ಮೈಗೂ ಆಗುತ್ತದೆ. ಹೊಲಿದ ಉಡುಪಿಗೆ ಆ ಭಾಗ್ಯವಿಲ್ಲ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ಚರಕ ಸಂಸ್ಥೆ ಅಡಿಕೆ ಚೊಗರಿನಂಥ ಸಹಜ ಬಣ್ಣ, ಕೈಮಗ್ಗದ ಬಟ್ಟೆ, ಹಳ್ಳಿಯ ಹೆಂಗಸರ ಹೊಲಿಗೆ ಇವುಗಳಿಂದಲೇ ರಾಜ್ಯದಾದ್ಯಂತ ಹೆಸರಾಯಿತು. ಅಷ್ಟು ಹೆಸರಿದ್ದ ಸಂಸ್ಥೆಯೂ 2020ರಲ್ಲಿ ಆರ್ಥಿಕ ಬಿಕ್ಕಟ್ಟಿಗೆ ಸಿಲುಕಿತು. ಅಂಗಡಿಗಳು ಮುಚ್ಚಿದ ಕಾಲದಲ್ಲಿ ಹೆಸರಿಗಿಂತ ಕೈಯಲ್ಲಿರುವ ನಗದೇ ಉಸಿರು ಎಂಬುದನ್ನು ಹೊಸಬರು ಆ ಸಂಕಟದಿಂದ ಓದಿಕೊಳ್ಳಬೇಕು.

ಸೈಜು ಎಂಬುದಾದರೂ ಏನು? ರೆಡಿಮೇಡ್ ಅಂಗಡಿಯಲ್ಲಿ ನೇತುಹಾಕಿರುವ ಮೀಡಿಯಂ, ಲಾರ್ಜ್‌ಗಳ ಬೇರು ಬಹುಮಟ್ಟಿಗೆ ಹೊರದೇಶದ ಮೈಕಟ್ಟಿನಲ್ಲಿದೆ. ಭಾರತಕ್ಕೆ ತನ್ನದೇ ಸೈಜಿನ ಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್ ಕೈಗೊಂಡ ‘ಇಂಡಿಯಾ ಸೈಜ್’ ಯೋಜನೆ, ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರನ್ನು ಸ್ಕ್ಯಾನರ್‌ನಲ್ಲಿ ಅಳೆಯುವ ಗುರಿ ಇಟ್ಟುಕೊಂಡಿತ್ತು. ಇಷ್ಟು ದೊಡ್ಡ ಸಂಸ್ಥೆ ಇಷ್ಟು ಖರ್ಚಿನಲ್ಲಿ ಹುಡುಕುವುದನ್ನು ನಮ್ಮ ಪೇಟೆಯ ಟೈಲರ್ ಇಪ್ಪತ್ತು ವರ್ಷದಿಂದ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಾರೆ: ಎದೆ, ಸೊಂಟ, ಭುಜ, ತೋಳು, ಉದ್ದ. ಗಿರಾಕಿಗಳ ಒಪ್ಪಿಗೆ ಪಡೆದು (ಅದು ಅವರ ಮೈಯ ವಿವರ, ಒಪ್ಪಿಗೆ ಬೇಕೇ ಬೇಕು) ಇನ್ನೂರು ಜನರ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಅವು ಮೂರು ನಾಲ್ಕು ಗುಂಪಾಗಿ ಕೂಡಿಕೊಳ್ಳುವುದು ಕಾಣುತ್ತದೆ. ಅದೇ ಈ ಊರಿನ ಸೈಜ್ ಪಟ್ಟಿ. ಐದು ಸೈಜಿನ ಊಹೆಯಿಂದ ಮೂರು ಸೈಜಿನ ತಿಳಿವಳಿಕೆಗೆ ಇಳಿದರೆ ಮೇಲಿನ ಲೆಕ್ಕದ 300 ಕುರ್ತಿ 180ಕ್ಕೆ ಬರುತ್ತದೆ.

ಹಾಗಾದರೆ ಮೊದಲು ಏನು ಹೊಲಿಯುವುದು? ಕರಾವಳಿಯ ಮನೆಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಮೈಮೇಲಿರುವ, ಆದರೆ ಯಾವ ವಿನ್ಯಾಸಕಾರರೂ ಗಂಭೀರವಾಗಿ ತೆಗೆದುಕೊಳ್ಳದ ಉಡುಪೊಂದಿದೆ: ನೈಟಿ. ಸಡಿಲ ಹೊಲಿಗೆಯಾದ್ದರಿಂದ ಸೈಜಿನ ತಾಪತ್ರಯ ಕಡಿಮೆ. ಒಳ್ಳೆಯ ಹತ್ತಿ, ಮೊಬೈಲ್ ಹಿಡಿಸುವ ಗಟ್ಟಿ ಜೇಬು, ತೋಟಕ್ಕೆ ಇಳಿದರೆ ಕಾಲಿಗೆ ತೊಡರದ ಉದ್ದ, ಹಿಂಜದ ಓವರ್‌ಲಾಕ್. ಇಷ್ಟನ್ನು ಸರಿಮಾಡಿದ ನೈಟಿಗೆ ಮತ್ತೆ ಮತ್ತೆ ಗಿರಾಕಿ ಬರುತ್ತಾರೆ. ಬಟ್ಟೆಯನ್ನು ಕತ್ತರಿಸುವ ಮೊದಲು ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಮಾದರಿಯನ್ನು ಆಷಾಢದ ಮಳೆಯಲ್ಲಿ, ಬಿಸಿಲೇ ಕಾಣದ ಜಗಲಿಯಲ್ಲಿ ಒಣಹಾಕಿ ನೋಡಬೇಕು. ಬಣ್ಣ ಬಿಟ್ಟರೆ, ಬೂಷ್ಟು ವಾಸನೆ ಹಿಡಿದರೆ, ಆ ಥಾನು ನಮಗಲ್ಲ. ಇನ್ನೊಂದು ದಾರಿ ಗುಂಪಿನ ಆರ್ಡರ್. ಬ್ರಹ್ಮಕಲಶೋತ್ಸವದ ಸ್ವಯಂಸೇವಕರು, ಭಜನಾ ಮಂಡಳಿ, ಚರ್ಚಿನ ಹಬ್ಬ, ಯುವಕ ಮಂಡಲದ ಕ್ರೀಡಾಕೂಟ, ಎಲ್ಲರಿಗೂ ಒಂದೇ ಬಗೆಯ ಉಡುಪು ಬೇಕು. ಇಲ್ಲಿ ಆರ್ಡರ್ ಮೊದಲು, ಬಟ್ಟೆ ಆಮೇಲೆ. ಮುಂಗಡ ಹಣದಲ್ಲೇ ಥಾನು ಬರುತ್ತದೆ.

ತಿರುಪ್ಪೂರು, ಸೂರತ್ತುಗಳ ಬೆಲೆಗೆ ನಾವು ಹೊಲಿಯಲಾದೀತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆಗುವುದಿಲ್ಲ. ಆದ್ದರಿಂದ ಬೆಲೆಯ ಪೈಪೋಟಿಗೆ ಹೋಗಲೇಬಾರದು. ಸೂರತ್ತಿನ ಕಾರ್ಖಾನೆ ತೋಳು ಬಿಗಿಯಾಯಿತೆಂದು ವಾಪಸು ಬಂದ ಕುರ್ತಿಯನ್ನು ಸಂಜೆಯೊಳಗೆ ಬಿಚ್ಚಿ ಹೊಲಿದು ಕೊಡದು, ಮಡಂತ್ಯಾರಿನ ಅಂಗಡಿ ಕೊಟ್ಟೀತು. ಆರ್ಡರ್ ಬಂದಾಗ ಮಾತ್ರ ಟೀಶರ್ಟಿನ ಮೇಲೆ ಅಚ್ಚು ಹಾಕಿಸಿ ಕಳಿಸುವ ಆನ್‌ಲೈನ್ ವ್ಯವಸ್ಥೆ ಇರುವಾಗ ಹೊಲಿಗೆಯ ಗೊಡವೆ ಏಕೆ ಎನ್ನುವವರೂ ಇದ್ದಾರೆ. ಅದರಲ್ಲಿ ನಷ್ಟದ ಭಯ ಕಡಿಮೆ, ಒಪ್ಪುತ್ತೇನೆ. ಆದರೆ ಅಲ್ಲಿ ನಮ್ಮದು ಚಿತ್ರವೊಂದೇ. ಬಟ್ಟೆ, ಕಟ್ಟಿಂಗ್, ಹೊಲಿಗೆ ಎಲ್ಲವೂ ಬೇರೆಯವರದು. ಐದು ವರ್ಷ ನಡೆಸಿದರೂ ಉಡುಪಿನ ಬಗ್ಗೆ ಒಂದಕ್ಷರ ಕಲಿತಿರುವುದಿಲ್ಲ. ಕಲಿಯಲು ಉಜಿರೆಯ ರುಡ್‌ಸೆಟಿಯೇ ಇದೆ. 1982ರಲ್ಲಿ ಆರಂಭವಾಗಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳ ಸ್ವ-ಉದ್ಯೋಗ ತರಬೇತಿ ಕೇಂದ್ರಗಳಿಗೆ ಮಾದರಿಯಾದ ಸಂಸ್ಥೆ ಅದು. ತರಬೇತಿ, ಊಟ, ವಸತಿ ಎಲ್ಲ ಉಚಿತ.

ಕಾಗದಪತ್ರದ ಹೆದರಿಕೆ ಬೇಡ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ರಾಜ್ಯದೊಳಗಷ್ಟೇ ಮಾರುವವರಿಗೆ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೂ ಬೇಕಿಲ್ಲ. ಆದರೆ ಕಾಸರಗೋಡು ಭಾಷೆಯಲ್ಲಿ ನಮ್ಮದಾದರೂ ಕಾನೂನಿನಲ್ಲಿ ಹೊರರಾಜ್ಯ. ಅಲ್ಲಿಗೆ ಮಾರುವ ಯೋಚನೆಯಿದ್ದರೆ ಮೊದಲೇ ವಿಚಾರಿಸಿಕೊಳ್ಳಬೇಕು. ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿಗೆ ಒಬ್ಬ ವ್ಯಕ್ತಿಗೆ ಆನ್‌ಲೈನಿನಲ್ಲಿ 4,500 ರೂಪಾಯಿ. ಅದೇ ಗಿರಾಕಿ ಮೂರನೇ ಸಲ ಬಂದ ಮೇಲೆ ಅದನ್ನು ಕಟ್ಟಿದರೆ ಸಾಕು.

ಇದೆಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಹೊಲಿಯುವವರ ಪಾಲು. ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಪುಸ್ತಕ ಬಂದದ್ದು ಹೆಂಗಸರು ಕಟ್ಟಿದ ಬೀಡಿಯಿಂದ. ಆ ಕೆಲಸ ಕುಗ್ಗುತ್ತಿರುವಾಗ ಅದೇ ಜಗಲಿಗೆ ಹೊಲಿಗೆ ಮಿಷನ್ ಬರುವುದು ಸಹಜ. ಆದರೆ ಕತ್ತರಿಸಿದ ಬಟ್ಟೆ ಮನೆಗೆ ಹೋಗಿ, ತುಂಡಿಗಿಷ್ಟೆಂದು ಕೂಲಿ ಕೊಟ್ಟು, ಲಾಭವೆಲ್ಲ ಹೆಸರಿನ ಮಾಲೀಕರಿಗೆ ಉಳಿಯುವುದಾದರೆ ಅದು ಎಲೆ-ಹೊಗೆಸೊಪ್ಪಿನ ಬದಲು ನೂಲು ಬಂದ ಬೀಡಿ ಕೆಲಸವೇ. ತಾಳಿಪಾಡಿಯ ಸೀರೆಯ ಜೊತೆಗೆ ಅದನ್ನು ನೇಯ್ದವರ ಹೆಸರು, ಫೋಟೊ ಇರುವ ಚೀಟಿ ಹೋಗುತ್ತದೆ. ಮಡಂತ್ಯಾರಿನ ನೈಟಿಯ ಕೊರಳಿನ ಲೇಬಲ್ಲಿನಲ್ಲೂ ಬ್ರ್ಯಾಂಡಿನ ಹೆಸರಿನ ಕೆಳಗೆ ಹೊಲಿದವಳ ಹೆಸರಿಗೆ ಜಾಗವಿದೆ, ಮಾರಾಟದ ಲೆಕ್ಕದ ಪುಸ್ತಕದಲ್ಲಿ ಅವಳ ಪಾಲಿಗೂ ಒಂದು ಕಾಲಂ ಎಳೆಯಬಹುದು.