ಹೆಪ್ಪುಗಟ್ಟಿದ ನೆಲಕ್ಕೆ ಯಾವ ಯಂತ್ರ?

ಕೆನಡಾದ ಯೂಕಾನ್‌ನಲ್ಲಿ ಚಿನ್ನ ತೆಗೆಯುವವರ ಟಿ.ವಿ. ಕಾರ್ಯಕ್ರಮ ನೋಡಿದ ಓದುಗರೊಬ್ಬರು ಕೇಳಿದ್ದಾರೆ: ‘ಅಷ್ಟು ದೊಡ್ಡ ಹಿಟಾಚಿ ಇರುವಾಗ ಬುಲ್ಡೋಜರ್ ಯಾಕೆ? ಇದ್ದುದರಲ್ಲಿ ದೊಡ್ಡದನ್ನೇ ತಂದು ಅಗೆದರೆ ಆಯಿತಲ್ಲ?’ ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಯಂತ್ರಕ್ಕಿಂತ ಹೆಚ್ಚಾಗಿ ನೆಲದಲ್ಲಿದೆ.

ಚಿನ್ನದ ಗಣಿ ಎಂದರೆ ನಮಗೆ ನೆನಪಾಗುವುದು ಕೆ.ಜಿ.ಎಫ್., ಮೂರು ಕಿ.ಮೀ. ಆಳಕ್ಕೆ ಇಳಿದ ಬಂಡೆಯ ಸುರಂಗಗಳು. ಯೂಕಾನ್‌ನದು ಬೇರೆ ಬಗೆ. 1896ರ ಆಗಸ್ಟ್‌ನಲ್ಲಿ ಬೊನಾಂಜಾ ತೊರೆಯಲ್ಲಿ ಸಿಕ್ಕಿದ್ದು ಜಲ್ಲಿಯೊಳಗಿನ ಬಿಡಿ ಚಿನ್ನ. ಮರಳಿನ ಕಾಳು ನೀರಿಗಿಂತ ಎರಡೂವರೆ ಪಟ್ಟು ಭಾರ, ಚಿನ್ನ 19 ಪಟ್ಟು. ಹಾಗಾಗಿ ಅದು ಜಲ್ಲಿಯ ತಳಕ್ಕಿಳಿದು, ಹಾಸುಬಂಡೆಯ ಬಿರುಕುಗಳಲ್ಲಿ ಕೂರುತ್ತದೆ. ಚಿನ್ನ ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದು ಅದರ ತೂಕ ಮತ್ತು ನೀರಿನ ಓಟ.

ಆ ಜಲ್ಲಿಯ ಮೇಲೆ ಹಲವು ಮೀಟರ್ ಕಪ್ಪು ಕೆಸರು, ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿ ಕಾಂಕ್ರೀಟಿನಂತೆ ನಿಂತಿದೆ. ಹಿಟಾಚಿಯ ಬಕೆಟ್ ಹಲ್ಲು ಅದರ ಮೇಲೆ ಜಾರುತ್ತದೆ. ಇಲ್ಲಿಯೇ ಸೊಗಸಾದ ಉಪಾಯವೊಂದಿದೆ: ಬಿಸಿಲಿಗೆ ಕೆಲಸ ಹಚ್ಚುವುದು! ಮೊದಲು ಮೇಲಿನ ಪಾಚಿ ಕಿತ್ತೆಸೆಯುತ್ತಾರೆ. ಬಿಸಿಲು ತಾಗಿದ ಕೆಸರು ಒಂದಷ್ಟು ದಪ್ಪಕ್ಕೆ ಕರಗುತ್ತದೆ, ಆಮೇಲೆ ನಿಂತುಬಿಡುತ್ತದೆ. ಯಾಕೆಂದರೆ ಕರಗಿದ ಪದರವೇ ಕೆಳಗಿನ ಮಂಜುಗಡ್ಡೆಗೆ ಬಿಸಿಲು ತಾಕದಂತೆ ತಡೆಯುತ್ತದೆ. ಆ ತೆಳು ಪದರವನ್ನು ಹೆರೆದು ಪಕ್ಕಕ್ಕೆ ತಳ್ಳಬೇಕು, ಮತ್ತೆ ಕಾಯಬೇಕು, ಮತ್ತೆ ಹೆರೆಯಬೇಕು. ವಿಶಾಲವಾದ ನೆಲವನ್ನು ಹೀಗೆ ತೆಳುವಾಗಿ ಹೆರೆಯಲು ಡೋಜರ್‌ನ ಅಗಲವಾದ ಅಲಗಿಗೆ ಸಾಟಿಯಿಲ್ಲ. ಅವಸರವಿದ್ದರೆ ಹಿಂಬದಿಯ ಉಕ್ಕಿನ ಕೊಕ್ಕೆಯನ್ನು ಊರಿ ಗಟ್ಟಿ ನೆಲವನ್ನು ಸೀಳಬಹುದು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಕತ್ತಲಾಗುವುದೇ ಇಲ್ಲ, ಸೂರ್ಯನ ದುಡಿಮೆಗೆ ಡೀಸೆಲ್ ಬೇಡ.

ಡೋಜರ್‌ಗೆ ಮಿತಿಯೂ ಇದೆ. ನೂರು ಮೀಟರ್‌ಗಿಂತ ದೂರ ಮಣ್ಣು ತಳ್ಳುವುದು ನಷ್ಟದ ಬಾಬತ್ತು, ಅಲ್ಲಿಂದಾಚೆ ಟಿಪ್ಪರ್ ಬೇಕು. ಹಾಸುಬಂಡೆಯ ಬಿರುಕು ಕೆರೆದು ಚಿನ್ನದ ಜಲ್ಲಿ ಎತ್ತುವ ನಾಜೂಕು ಕೆಲಸ ಹಿಟಾಚಿಯದೇ.

ದೊಡ್ಡ ಯಂತ್ರದ ಮೋಹ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. ಜಲ್ಲಿ ತೊಳೆಯುವ ಘಟಕ ನುಂಗುವಷ್ಟೇ ಅಗೆದರೆ ಸಾಕು, ಮಿಕ್ಕಿದ್ದು ರಾಶಿ ಬೀಳುತ್ತದೆ. ಹೈಡ್ರಾಲಿಕ್ ಹೋಸ್ ಒಂದು ಒಡೆದರೂ ಇಡೀ ಯಂತ್ರ ನಿಂತುಬಿಡುತ್ತದೆ. ಗಣಿಗಳ ಬಳಿಯ ಡಾಸನ್‌ನಿಂದ, ಬಿಡಿಭಾಗ ಸಿಗುವ ವೈಟ್‌ಹಾರ್ಸ್ ಪಟ್ಟಣಕ್ಕೆ 500 ಕಿ.ಮೀ.ಗೂ ಹೆಚ್ಚು ದೂರ, ಕೆಲಸದ ಕಾಲವೋ ಬೇಸಿಗೆಯ ಕೆಲವೇ ತಿಂಗಳು. ಬಿಡಿಭಾಗ ಸುಲಭವಾಗಿ ಸಿಗುವ ಹಳೆಯ ಮಾದರಿಯೇ ಅಲ್ಲಿ ಜಾಣತನ.

ನಮ್ಮ ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ಆದರೆ ಅದೇ ಊರಿನ ಬೆಮೆಲ್ ಕಾರ್ಖಾನೆಯಲ್ಲಿ ಬುಲ್ಡೋಜರ್‌ಗಳು ತಯಾರಾಗುತ್ತವೆ. ಪ್ರಶ್ನೆ ಕೇಳಿದ ಓದುಗರಿಗೆ ನನ್ನ ಉತ್ತರ: ಯೂಕಾನ್‌ನಲ್ಲಿ ಒಂದೇ ಯಂತ್ರಕ್ಕೆ ದುಡ್ಡಿದ್ದರೆ ಮಧ್ಯಮ ಗಾತ್ರದ ಡೋಜರ್ ಕೊಳ್ಳಿ, ಹಿಟಾಚಿ ಆಮೇಲೆ.